ವಿಮಾ ಏಜೆಂಟ್ ವೃತ್ತಿಗೆ ಇಳಿಯುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದಿರುವ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ವಿಮಾ ಏಜೆಂಟ್ ವೃತ್ತಿಯನ್ನು ಕುರಿತವು. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 29 ವರ್ಷ. ಬಿ.ಕಾಂ. ಓದಿ, ದಾವಣಗೆರೆಯ ಎ.ಪಿ.ಎಂ.ಸಿ. ಪ್ರಾಂಗಣದ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಸಂಬಳ 18 ಸಾವಿರ ರೂಪಾಯಿ. ತಾಯಿ, ಹೆಂಡತಿ, ಒಂದು ಮಗು ಇರುವ ಸಂಸಾರ. ಯಾವುದೇ ಒಂದು ಕಂಪನಿಗೆ ಕಟ್ಟುಬೀಳದೆ ಎಲ್ಲ ಕಂಪನಿಗಳ ಪಾಲಿಸಿಗಳನ್ನೂ ಮಾಡಿಸುವ ಸ್ವತಂತ್ರ ವಿಮಾ ಏಜೆಂಟ್ ಆಗಬೇಕೆಂಬುದು ನನ್ನ ಆಸೆ. ಪರವಾನಗಿ ಪಡೆಯುವುದು ಹೇಗೆ? ತಿಂಗಳಿಗೆ 20 ಸಾವಿರ ದುಡಿಯಬಹುದೇ? ಮುಂದಿನ ತಿಂಗಳೇ ಈಗಿನ ಕೆಲಸ ಬಿಟ್ಟರೆ ತಪ್ಪಾಗುತ್ತದೆಯೇ?
(ಓದುಗರು, ದಾವಣಗೆರೆ)

ಉತ್ತರ: ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ರೀತಿಯ ಸ್ವಾತಂತ್ರ್ಯವನ್ನು ನಮ್ಮ ಕಾನೂನು ಏಜೆಂಟರಿಗೆ ಕೊಟ್ಟಿಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 2016ರ ನಿಯಮಗಳ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ ಮತ್ತು ಆರೋಗ್ಯ ವಿಮೆಯನ್ನಷ್ಟೇ ಮಾರುವ ಒಂದು ಕಂಪನಿಯ ಪರವಾಗಿ ಕೆಲಸ ಮಾಡಬಹುದು. ಎರಡು ಜೀವ ವಿಮಾ ಕಂಪನಿಗಳ ಏಜೆನ್ಸಿಯನ್ನು ಒಟ್ಟಿಗೆ ಹಿಡಿಯುವಂತಿಲ್ಲ. ಪರವಾನಗಿಯನ್ನು ಪ್ರಾಧಿಕಾರವೇ ಕೊಡುತ್ತಿದ್ದ ಪದ್ಧತಿಯೂ ಈಗ ಇಲ್ಲ. 2015ರ ತಿದ್ದುಪಡಿಯ ನಂತರ ಕಂಪನಿಯೇ ಏಜೆಂಟರನ್ನು ನೇಮಿಸಿಕೊಂಡು ಏಜೆನ್ಸಿ ಸಂಖ್ಯೆ ಕೊಡುತ್ತದೆ. ನೇಮಕಕ್ಕೆ ಮೊದಲು ನಿಮ್ಮ ಪಾನ್ ಸಂಖ್ಯೆಯನ್ನು ಪರಿಶೀಲಿಸಿ, ಬೇರೆ ಕಂಪನಿಯಲ್ಲಿ ಏಜೆನ್ಸಿ ಇದೆಯೇ, ಕಪ್ಪುಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲಾಗುತ್ತದೆ.

ಹಲವು ಕಂಪನಿಗಳ ಪಾಲಿಸಿಗಳನ್ನು ಮಾರುವ ದಾರಿಗಳು ಬೇರೆ ಇವೆ. ವಿಮಾ ಬ್ರೋಕರ್ ಆಗಬೇಕಾದರೆ ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳವಿರುವ ಸಂಸ್ಥೆ ಬೇಕು. ಅದು ಸದ್ಯಕ್ಕೆ ನಿಮ್ಮ ಕೈಗೆಟಕುವ ಮಾತಲ್ಲ. ಕೈಗೆಟಕುವುದು ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ಎಂಬ ವ್ಯವಸ್ಥೆ. ಹತ್ತನೆಯ ತರಗತಿ ಪಾಸಾದವರು 15 ಗಂಟೆಗಳ ತರಬೇತಿ ಪಡೆದು, ಪರೀಕ್ಷೆ ಬರೆದು, ಒಂದು ಬ್ರೋಕರ್ ಸಂಸ್ಥೆಯ ಜೊತೆ ಸೇರಿದರೆ, ಆ ಸಂಸ್ಥೆ ಒಪ್ಪಂದ ಮಾಡಿಕೊಂಡಿರುವ ಹಲವು ಕಂಪನಿಗಳ ಸರಳ ಪಾಲಿಸಿಗಳನ್ನು ಮಾರಬಹುದು. ಬೈಕ್, ಕಾರು, ಲಾರಿಗಳ ವಿಮೆಗೆ ಈ ದಾರಿ ಚೆನ್ನಾಗಿ ಹೊಂದುತ್ತದೆ. ಆದರೆ ಹಣ ಬರುವುದು ಬ್ರೋಕರ್ ಸಂಸ್ಥೆಯ ಮೂಲಕ; ನಾಳೆ ಆ ಸಂಸ್ಥೆಯನ್ನು ಬಿಟ್ಟರೆ ನೀವು ಕಟ್ಟಿದ ಗ್ರಾಹಕರ ನವೀಕರಣದ ಕಮಿಷನ್ ಏನಾಗುತ್ತದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಓದಿಕೊಳ್ಳಬೇಕು. ದೀರ್ಘಕಾಲದ ಜೀವ ವಿಮೆಯನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳುವ ಉದ್ದೇಶವಿದ್ದರೆ ಒಂದು ಜೀವ ವಿಮಾ ಕಂಪನಿಯ ನೇರ ಏಜೆನ್ಸಿ, ಅದರ ಜೊತೆಗೆ ಒಂದು ಆರೋಗ್ಯ ವಿಮಾ ಕಂಪನಿಯ ಏಜೆನ್ಸಿ, ಇವೆರಡೇ ನಿಮಗೆ ಸಾಕೆಂಬುದು ನನ್ನ ಅಭಿಪ್ರಾಯ.

ನೇರ ಏಜೆನ್ಸಿಗೆ 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು. ಕಂಪನಿಯ ಶಾಖೆಯಲ್ಲಿ ಅರ್ಜಿ ಕೊಟ್ಟು ತರಬೇತಿ ಮುಗಿಸಿದ ಮೇಲೆ ‘ಐ.ಸಿ. 38’ ಎಂದು ಎಲ್ಲರೂ ಕರೆಯುವ ಪರೀಕ್ಷೆಯನ್ನು ಕಂಪ್ಯೂಟರ್ ಮೂಲಕ ಬರೆಯಬೇಕಾಗುತ್ತದೆ. ಅದರ ಪಠ್ಯ ಕನ್ನಡದಲ್ಲಿಯೂ ದೊರೆಯುತ್ತದೆ. ಬಿ.ಕಾಂ. ಓದಿದ ನಿಮಗೆ ಈ ಪರೀಕ್ಷೆ ಕಷ್ಟವಾಗಲಾರದು. ಆದರೆ ಪಾಸಾಗುವುದಕ್ಕೆ ಬೇಕಾದಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚಿಡಬೇಡಿ. ಪ್ರಸ್ತಾವನಾ ಪತ್ರ (ಪಾಲಿಸಿಗಾಗಿ ಗ್ರಾಹಕರು ಸಹಿ ಮಾಡಿ ಕೊಡುವ ಅರ್ಜಿ), ನಾಮನಿರ್ದೇಶನ, ಪಾಲಿಸಿಯ ಪುನರುಜ್ಜೀವನ ಕುರಿತ ಅಧ್ಯಾಯಗಳು ಮುಂದೆ ಪ್ರತಿವಾರವೂ ನಿಮ್ಮ ಕೆಲಸಕ್ಕೆ ಬರುತ್ತವೆ.

ಇನ್ನು ದುಡಿಮೆಯ ಲೆಕ್ಕ. ಕಮಿಷನ್ ದರವು ಕಂಪನಿಯಿಂದ ಕಂಪನಿಗೆ, ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತದೆ. ಪಾಲಿಸಿವಾರು ಮಿತಿಗಳನ್ನು 2023ರ ಏಪ್ರಿಲ್‌ನಿಂದ ಸಡಿಲಿಸಲಾಗಿದೆ. 2024ರ ಅಕ್ಟೋಬರ್‌ನಲ್ಲಿ ಸರೆಂಡರ್ ಮೌಲ್ಯದ, ಅಂದರೆ ಪಾಲಿಸಿಯನ್ನು ನಡುವೆಯೇ ಬಿಟ್ಟಾಗ ವಾಪಸು ಸಿಗುವ ಹಣದ, ಹೊಸ ನಿಯಮ ಬಂದ ಮೇಲೆ ಹಲವು ಕಂಪನಿಗಳು ಮೊದಲ ವರ್ಷದ ಕಮಿಷನ್ನನ್ನು ಮರುಹೊಂದಿಸಿಕೊಂಡಿವೆ. ಆದ್ದರಿಂದ ಸೇರುವ ಕಂಪನಿಯ ಈಗಿನ ದರಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಲೆಕ್ಕದ ಅನುಕೂಲಕ್ಕಾಗಿ ಮೊದಲ ವರ್ಷ ಶೇ 25, ಮುಂದಿನ ಎರಡು ವರ್ಷ ಶೇ 7.5 ಎಂದು ಹಿಡಿಯೋಣ. ಒಬ್ಬ ಗ್ರಾಹಕರ ವಾರ್ಷಿಕ ಪ್ರೀಮಿಯಂ 20 ಸಾವಿರ ಎಂದಾದರೆ ನಿಮಗೆ ಮೊದಲ ವರ್ಷ ಬರುವುದು 5 ಸಾವಿರ. ತಿಂಗಳಿಗೆ 20 ಸಾವಿರದಂತೆ ವರ್ಷಕ್ಕೆ 2 ಲಕ್ಷ 40 ಸಾವಿರ ಬೇಕೆಂದರೆ ಅಂಥ 48 ಪಾಲಿಸಿಗಳಾಗಬೇಕು, ಅಂದರೆ ತಿಂಗಳಿಗೆ ನಾಲ್ಕು. ಹೊಸಬರಿಗೆ ಮೊದಲ ಎರಡು ಮೂರು ತಿಂಗಳು ನಾಲ್ಕು ಸುಲಭವಾಗಿ ಸಿಗುತ್ತವೆ, ಏಕೆಂದರೆ ಅಣ್ಣತಮ್ಮಂದಿರು, ಭಾವಮೈದುನರು, ಗೆಳೆಯರು ಇಲ್ಲವೆನ್ನುವುದಿಲ್ಲ. ಆಮೇಲೆ ನಿಜವಾದ ಕೆಲಸ ಶುರುವಾಗುತ್ತದೆ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಆ 48 ಜನರೂ ಎರಡನೆಯ ವರ್ಷದ ಕಂತು ಕಟ್ಟಿದರೆ, ಹೊಸದಾಗಿ ಒಂದು ಪಾಲಿಸಿಯನ್ನೂ ಮಾಡಿಸದೆ ನಿಮಗೆ 72 ಸಾವಿರ ಬರುತ್ತದೆ. ಎರಡನೆಯ ವರ್ಷ ಮತ್ತೆ 48 ಪಾಲಿಸಿ ಮಾಡಿಸಿ, ಯಾರೂ ಕಂತು ನಿಲ್ಲಿಸದಿದ್ದರೆ, ಮೂರನೆಯ ವರ್ಷದ ನವೀಕರಣದ ಕಮಿಷನ್ನೇ 1 ಲಕ್ಷ 44 ಸಾವಿರ, ಅಂದರೆ ತಿಂಗಳಿಗೆ 12 ಸಾವಿರ. ಅರ್ಧದಷ್ಟು ಜನ ಕಟ್ಟದೆ ಬಿಟ್ಟರೆ ಅದು 6 ಸಾವಿರಕ್ಕೆ ಇಳಿಯುತ್ತದೆ, ಜೊತೆಗೆ ಊರಿನಲ್ಲಿ ನಿಮ್ಮ ಹೆಸರೂ ಇಳಿಯುತ್ತದೆ. ಈ ವೃತ್ತಿಯ ಸಂಸಾರ ನಡೆಯುವುದು ಎರಡನೆಯ ವರ್ಷದ ಕಂತಿನ ಮೇಲೆ. ಆ ಕಂತನ್ನು ಈ ಮನೆಯವರು ನಿಜವಾಗಿಯೂ ಕಟ್ಟಬಲ್ಲರೇ ಎಂದು ಮೊದಲ ದಿನವೇ ಕೇಳಿಕೊಳ್ಳದವರು ಈ ಕೆಲಸದಲ್ಲಿ ಬಾಳಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಮುಂದಿನ ತಿಂಗಳೇ ಕೆಲಸ ಬಿಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಅಂಗಡಿಯ ಯಜಮಾನರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆದು, ಸಂಜೆಯ ಹೊತ್ತು, ಭಾನುವಾರ ಮತ್ತು ಆವಕ ಕಡಿಮೆಯಿರುವ ತಿಂಗಳುಗಳಲ್ಲಿ ಏಜೆನ್ಸಿ ಕೆಲಸ ಮಾಡಿ. ನವೀಕರಣದ ಕಮಿಷನ್ ನಿಮ್ಮ ಸಂಬಳದ ಅರ್ಧದಷ್ಟಾದ ಮೇಲೆ ಬಿಡುವ ಯೋಚನೆ ಮಾಡಬಹುದು. ಅಷ್ಟರೊಳಗೆ ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿರಬೇಕು. ಪೆಟ್ರೋಲು, ಫೋನು, ಗ್ರಾಹಕರ ಮನೆಯ ಮದುವೆ ಮುಂಜಿಗಳ ಖರ್ಚು ಯಾವ ಕಂಪನಿಯ ದರಪಟ್ಟಿಯಲ್ಲೂ ಇರುವುದಿಲ್ಲ.

ಯಾರ ಬಳಿ ಹೋಗಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಈಗಿನ ಕೆಲಸವೇ ನಿಮಗೆ ಆ ದಾರಿಯನ್ನು ತೋರಿಸಿದೆ. ದಲ್ಲಾಳಿ ವ್ಯಾಪಾರಸ್ಥರ ಬಂಡವಾಳ ಹೆಚ್ಚಾಗಿ ಸಾಲದಲ್ಲಿ ತಿರುಗುತ್ತಿರುತ್ತದೆ: ರೈತರಿಗೆ ಮುಂಗಡ ಕೊಟ್ಟಿರುತ್ತಾರೆ, ಬ್ಯಾಂಕಿಗೂ ಖಾಸಗಿಯವರಿಗೂ ಬಾಕಿ ಇರುತ್ತದೆ. ಅಂಥವರು ತೀರಿಕೊಂಡರೆ ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಾರೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಪಾಲಿಸಿಯ ಹಣ ಗಂಡನ ಆಸ್ತಿಗೆ ಸೇರುವುದಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶದಿಂದಲೇ ಮಾಡಿಸಿದ್ದೆಂದು ಸಾಬೀತಾದ ಹೊರತು ಅವರು ಅದನ್ನು ಮುಟ್ಟುವಂತಿಲ್ಲ. ಈ ಆಯ್ಕೆಯನ್ನು ಪಾಲಿಸಿ ಮಾಡಿಸುವಾಗಲೇ ಬರೆದುಕೊಡಬೇಕು. ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳುವ ಏಜೆಂಟರು ಕಡಿಮೆ. ಲೆಕ್ಕಪತ್ರ ಬಲ್ಲ ನೀವು ಹೇಳಿದರೆ ವ್ಯಾಪಾರಸ್ಥರು ಕೇಳುತ್ತಾರೆ. ಹಾಗೆಯೇ ಪ್ರಾಂಗಣದ ಹಮಾಲರಿಗೆ ಬ್ಯಾಂಕಿನ ಮೂಲಕ ವರ್ಷಕ್ಕೆ 20 ರೂಪಾಯಿಗೆ ಸಿಗುವ 2 ಲಕ್ಷದ ಅಪಘಾತ ವಿಮೆಯನ್ನೂ, 436 ರೂಪಾಯಿಗೆ ಸಿಗುವ 2 ಲಕ್ಷದ ಜೀವನ ಜ್ಯೋತಿ ವಿಮೆಯನ್ನೂ ಮೊದಲು ಮಾಡಿಸಿಕೊಡಿ. ಅದರಲ್ಲಿ ನಿಮಗೆ ಕಮಿಷನ್ ಇಲ್ಲದಿದ್ದರೂ ಅವರಿಗೆ ತುರ್ತಾಗಿ ಬೇಕಾಗಿರುವುದು ಅದೇ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮಾಲು ಮಾರಿದ ರೈತರು ಹಣಕ್ಕಾಗಿ ನಿಮ್ಮ ಮೇಜಿನ ಮುಂದೆ ನಿಂತಿರುವಾಗ ಪಾಲಿಸಿಯ ಮಾತೆತ್ತಬೇಡಿ. ಪಟ್ಟಿ ಬರೆಯುವ ಕೈಯೇ ಪ್ರೀಮಿಯಂ ಕೇಳಿದರೆ ಅವರಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಸಂಕೋಚದಿಂದ ಮಾಡಿಸಿದ ಪಾಲಿಸಿಗೆ ಎರಡನೆಯ ಕಂತು ಬರುವುದಿಲ್ಲ. ಬೇಕಾದರೆ ಇನ್ನೊಂದು ದಿನ ಅವರ ಊರಿಗೇ ಹೋಗಿ, ಮನೆಯ ಹೆಂಗಸರೂ ಇರುವಾಗ ಮಾತಾಡಿ.

ಪ್ರಶ್ನೆ: ಕಳೆದ ವರ್ಷ ಜೀವ ವಿಮಾ ಏಜೆನ್ಸಿ ಪಡೆದೆ. ಮೊದಲ ಪಾಲಿಸಿಗಳೆಲ್ಲ ನೆಂಟರು ಮತ್ತು ನಮ್ಮ ಹಳ್ಳಿಯವರದು. ಈಗ ಹಲವರು ಕಂತು ಕಟ್ಟಿಲ್ಲ. ಕೇಳಿದರೆ ‘ಅಡಿಕೆ ಕೊಯ್ಲಾಗಲಿ’ ಎನ್ನುತ್ತಾರೆ, ಕೆಲವರು ಎದುರಿಗೆ ಸಿಕ್ಕರೂ ಮಾತಾಡುವುದಿಲ್ಲ. ಏನು ಮಾಡಲಿ?
(ಓದುಗರು, ಚನ್ನಗಿರಿ ತಾಲ್ಲೂಕು)

ಉತ್ತರ: ‘ಕೊಯ್ಲಾಗಲಿ’ ಎನ್ನುವವರು ನೆಪ ಹೇಳುತ್ತಿದ್ದಾರೆಂದು ತಿಳಿಯಬೇಡಿ, ಅದು ಅವರ ಮನೆಯ ನಿಜವಾದ ಲೆಕ್ಕ. ಕಂಪನಿಯ ವರ್ಷ ಮಾರ್ಚ್‌ನಲ್ಲಿ ಮುಗಿಯುವುದರಿಂದ ಆ ತಿಂಗಳಲ್ಲಿ ಗುರಿ ಮುಟ್ಟಲು ಶಾಖೆಯವರು ಅವಸರ ಮಾಡುತ್ತಾರೆ, ಏಜೆಂಟರು ಪಾಲಿಸಿ ಮಾಡಿಸುತ್ತಾರೆ, ಮಾರ್ಚ್‌ನಲ್ಲಿ ಶುರುವಾದ ಪಾಲಿಸಿಯ ಕಂತು ಪ್ರತಿವರ್ಷ ಮಾರ್ಚ್‌ಗೇ ಬೀಳುತ್ತದೆ. ಅಡಿಕೆ ಬೆಳೆಗಾರರ ಕೈಯಲ್ಲಿ ಹಣವಿರುವುದು ಕೊಯ್ಲು ಮುಗಿದು ಕೇಣಿಯವರೋ ಸೊಸೈಟಿಯವರೋ ಲೆಕ್ಕ ಚುಕ್ತಾ ಮಾಡಿದ ಮೇಲೆ. ಮೆಕ್ಕೆಜೋಳದವರಿಗೆ ಮುಂಗಾರು ಬೆಳೆ ಮಾರುಕಟ್ಟೆಗೆ ಬಂದಾಗ, ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರಿಗೆ ಮಳೆಗಾಲದ ಮತ್ತು ಬೇಸಿಗೆಯ ಕೊಯ್ಲುಗಳ ನಂತರ, ಚಳ್ಳಕೆರೆ ಕಡೆಯ ಶೇಂಗಾದವರಿಗೆ ದೀಪಾವಳಿಯ ಆಸುಪಾಸಿನಲ್ಲಿ ಹಣ ಬರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕೆಲಸಗಾರರ ಕೈಗೆ ಕೂಲಿ ಬರುವುದು ವಾರದ ಬಟವಾಡೆಯಲ್ಲಿ. ಅವರಿಗೆ ವಾರ್ಷಿಕ ಕಂತು ಎಂದೂ ಹೊಂದುವುದಿಲ್ಲ, ತಿಂಗಳ ಸಣ್ಣ ಕಂತೇ ಬೇಕು. ಮುಂದೆ ಮಾಡಿಸುವ ಪ್ರತಿಯೊಂದು ಪಾಲಿಸಿಯ ಆರಂಭದ ತಿಂಗಳನ್ನು ಆ ಮನೆಗೆ ಹಣ ಬರುವ ತಿಂಗಳಿಗೆ ಹೊಂದಿಸಿ. ಶಾಖೆಯವರ ಮಾರ್ಚ್ ಅವಸರವನ್ನು ನಿಮ್ಮ ಗ್ರಾಹಕರ ಮೇಲೆ ಹೇರಬೇಡಿ.

ಈಗ ನಿಂತಿರುವ ಪಾಲಿಸಿಗಳ ವಿಷಯ. ವಾರ್ಷಿಕ ಕಂತಿಗೆ ಸಾಮಾನ್ಯವಾಗಿ 30 ದಿನಗಳ, ತಿಂಗಳ ಕಂತಿಗೆ 15 ದಿನಗಳ ರಿಯಾಯಿತಿ ಅವಧಿ ಇರುತ್ತದೆ. ಆ ಅವಧಿಯಲ್ಲಿ ವಿಮೆ ಜಾರಿಯಲ್ಲೇ ಇರುತ್ತದೆ. ಅದೂ ದಾಟಿ ಪಾಲಿಸಿ ಲ್ಯಾಪ್ಸ್ ಆದರೆ, ಕಟ್ಟದ ಮೊದಲ ಕಂತಿನ ದಿನಾಂಕದಿಂದ ಐದು ವರ್ಷಗಳೊಳಗೆ ಬಾಕಿಯನ್ನು ಬಡ್ಡಿಸಮೇತ ಕಟ್ಟಿ, ಕಂಪನಿ ಕೇಳಿದರೆ ಆರೋಗ್ಯದ ಘೋಷಣೆ ಅಥವಾ ವೈದ್ಯಕೀಯ ವರದಿ ಕೊಟ್ಟು ಪುನರುಜ್ಜೀವನಗೊಳಿಸಬಹುದು. ಷೇರುಪೇಟೆಗೆ ಜೋಡಿಸಿದ ಯುಲಿಪ್ ಪಾಲಿಸಿಗಳಿಗೆ ಈ ಅವಧಿ ಮೂರು ವರ್ಷ. ಪಟ್ಟಿಯೊಂದನ್ನು ಮಾಡಿಕೊಂಡು ಒಬ್ಬೊಬ್ಬರ ಮನೆಗೂ ಹೋಗಿ. ಕಂತು ಹೆಚ್ಚಾಯಿತೆಂದು ಹೇಳುವವರಿಗೆ ಕಂಪನಿ ಒಪ್ಪುವುದಾದರೆ ಕಂತಿನ ಅವಧಿ ಬದಲಿಸಿಕೊಡಿ. ನಿಜಕ್ಕೂ ಹೊರಲಾರದಷ್ಟು ದೊಡ್ಡ ಪಾಲಿಸಿ ಮಾಡಿಸಿದ್ದರೆ ಅದನ್ನು ಒಪ್ಪಿಕೊಂಡು, ಆ ಮನೆಗೆ ಹೊಂದುವ ಸಣ್ಣ ಕಂತಿನ ಅವಧಿ ವಿಮೆ, ಅಂದರೆ ಟರ್ಮ್ ಪಾಲಿಸಿಯ ವಿಚಾರವನ್ನು ತಿಳಿಸಿ. ಅದರಲ್ಲಿ ಕೊನೆಗೆ ಹಣ ವಾಪಸು ಬರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ಮಾತು ಬಿಟ್ಟ ನೆಂಟರ ಬಳಿಗೆ ಮೊದಲು ಹೋಗಿ. ಅವರು ಮಾತು ಬಿಟ್ಟಿರುವುದು ಹಣದ ಸಂಕೋಚಕ್ಕೆ ಹೊರತು ನಿಮ್ಮ ಮೇಲಿನ ಸಿಟ್ಟಿಗಲ್ಲ.

ಅಡಿಕೆ ಬೆಳೆಗಾರರು ಬೆಳೆ ವಿಮೆಯ ಬಗ್ಗೆಯೂ ನಿಮ್ಮನ್ನೇ ಕೇಳುತ್ತಾರೆ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ರೈತರ ಪಾಲು ವಿಮಾ ಮೊತ್ತದ ಶೇ 5. ನೋಂದಣಿ ನಡೆಯುವುದು ಬ್ಯಾಂಕು, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ. ಕೊನೆಯ ದಿನಾಂಕವನ್ನು ವಿಚಾರಿಸಿ ಊರಿನವರಿಗೆ ತಿಳಿಸುವ ಏಜೆಂಟರನ್ನು ಜನ ಮರೆಯುವುದಿಲ್ಲ.

ಪ್ರಶ್ನೆ: ನನ್ನ ಗ್ರಾಹಕರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ‘ಅದನ್ನು ಬರೆದರೆ ಕಂತು ಜಾಸ್ತಿಯಾಗುತ್ತದೆ, ಬರೆಯಬೇಡ’ ಎನ್ನುತ್ತಾರೆ. ಮೂರು ವರ್ಷ ದಾಟಿದರೆ ಕಂಪನಿ ಏನೂ ಕೇಳುವಂತಿಲ್ಲವೆಂದು ಹಿರಿಯ ಏಜೆಂಟರೊಬ್ಬರೂ ಹೇಳಿದರು. ಇದು ನಿಜವೇ?
(ಓದುಗರು, ಹೊಳಲ್ಕೆರೆ)

ಉತ್ತರ: ಕಾನೂನಿನ ಮಾತು ಅರ್ಧ ನಿಜ, ಸಲಹೆ ಪೂರ್ತಿ ತಪ್ಪು. 1938ರ ವಿಮಾ ಕಾಯ್ದೆಯ 45ನೆಯ ಕಲಮು ಜೀವ ವಿಮಾ ಪಾಲಿಸಿಯನ್ನು ಮೂರು ವರ್ಷಗಳ ನಂತರ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂದು ಹೇಳುವುದು ಹೌದು. ಆದರೆ ಆ ಮೂರು ವರ್ಷಗಳು ಪಾಲಿಸಿ ಕೊಟ್ಟ ದಿನ, ಅಪಾಯ ಶುರುವಾದ ದಿನ, ಪುನರುಜ್ಜೀವನಗೊಂಡ ದಿನ, ರೈಡರ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಕೆಯಾಗುತ್ತವೆ. ನಡುವೆ ಒಮ್ಮೆ ಲ್ಯಾಪ್ಸ್ ಆಗಿ ಮತ್ತೆ ಜೀವಕೊಟ್ಟ ಪಾಲಿಸಿಗೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಆ ಮೂರು ವರ್ಷಗಳೊಳಗೆ ಸಾವು ಸಂಭವಿಸಿ, ಬೇಕೆಂದೇ ಮುಚ್ಚಿಟ್ಟದ್ದು ಎಂದಾದರೆ ವಿಮಾ ಮೊತ್ತವೂ ಇಲ್ಲ, ಕಟ್ಟಿದ ಕಂತೂ ಇಲ್ಲ. ಸಕ್ಕರೆ ಕಾಯಿಲೆಯವರ ಮನೆಯವರು ಆ ಮೂರು ವರ್ಷಗಳನ್ನು ಯಾವ ಧೈರ್ಯದ ಮೇಲೆ ಕಳೆಯಬೇಕು?

ಮುಚ್ಚಿಟ್ಟದ್ದು ಹೊರಬೀಳುವ ರೀತಿಯನ್ನು ನಾನು ಹಲವು ಕಡತಗಳಲ್ಲಿ ನೋಡಿದ್ದೇನೆ. ಎದೆನೋವೆಂದು ರಾತ್ರಿ ಆಸ್ಪತ್ರೆಗೆ ಸೇರಿಸುತ್ತಾರೆ. ಕರ್ತವ್ಯದಲ್ಲಿರುವ ವೈದ್ಯರು ಮೊದಲು ಕೇಳುವುದೇ ‘ಬಿ.ಪಿ., ಶುಗರ್ ಇದೆಯಾ, ಎಷ್ಟು ವರ್ಷದಿಂದ?’ ಎಂದು. ಜೀವ ಉಳಿದರೆ ಸಾಕೆಂದು ನಿಂತಿರುವ ಹೆಂಡತಿಯೋ ಮಗನೋ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರೆ: ‘ಹತ್ತು ವರ್ಷದಿಂದ ಇದೆ ಸಾರ್, ದಿನಾ ಎರಡು ಮಾತ್ರೆ.’ ಆ ಮಾತು ಕೇಸ್‌ಶೀಟಿನ ಮೊದಲ ಪುಟದಲ್ಲಿ ದಾಖಲಾಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಾರಾಂಶಕ್ಕೆ ಬರುತ್ತದೆ. ಕ್ಲೇಮಿನ ಕಾಗದಗಳ ಜೊತೆ ಅದೂ ಕಂಪನಿಗೆ ಹೋಗುತ್ತದೆ. ಅಲ್ಲಿ ಅದನ್ನು ಪಕ್ಕದಲ್ಲಿಟ್ಟು ನೋಡುವುದು ನೀವು ತುಂಬಿದ ಪ್ರಸ್ತಾವನಾ ಪತ್ರವನ್ನು: ‘ಮಧುಮೇಹವಿದೆಯೇ’ ಎಂಬ ಸಾಲಿನ ಮುಂದೆ ‘ಇಲ್ಲ’, ಕೆಳಗೆ ಗ್ರಾಹಕರ ಸಹಿ, ಅದರ ಕೆಳಗೆ ಏಜೆಂಟರ ವರದಿಯಲ್ಲಿ ನಿಮ್ಮದೇ ಸಹಿ. ಉತ್ತರ ಹೇಳಬೇಕಾದ ಗ್ರಾಹಕರು ಆಗ ಇರುವುದಿಲ್ಲ. ಉಳಿದಿರುವುದು ಅವರ ಹೆಂಡತಿ ಮಕ್ಕಳು ಮತ್ತು ನೀವು.

ಆದ್ದರಿಂದ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನೇ ಬರೆಯಿರಿ. ಖಾಲಿ ಫಾರಂಗೆ ಸಹಿ ಪಡೆದು ಮನೆಯಲ್ಲಿ ಕುಳಿತು ತುಂಬುವ ಅಭ್ಯಾಸವನ್ನು ಹತ್ತಿರ ಸುಳಿಯಗೊಡಬೇಡಿ. ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ವಿಮೆ ಸಿಗುವುದಿಲ್ಲವೆಂದೇನೂ ಇಲ್ಲ. ಹತೋಟಿಯಲ್ಲಿದ್ದರೆ ರಕ್ತಪರೀಕ್ಷೆಯ ವರದಿ ನೋಡಿ, ಕಂತನ್ನು ಸ್ವಲ್ಪ ಹೆಚ್ಚಿಸಿ ಕಂಪನಿ ಒಪ್ಪಿಕೊಳ್ಳುವುದುಂಟು. ಆರೋಗ್ಯ ವಿಮೆಯಲ್ಲಿಯೂ ಹಾಗೆಯೇ: ಮೊದಲೇ ಇದ್ದ ಕಾಯಿಲೆಯನ್ನು ತಿಳಿಸಿದ್ದರೆ, ಅದರ ಚಿಕಿತ್ಸೆಗೆ ವಿಮೆ ಸಿಗುವವರೆಗೆ ಕಾಯುವ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲವೆಂದು 2024ರಲ್ಲಿ ನಿಯಮವಾಗಿದೆ. ಗ್ರಾಹಕರು ಕೊನೆಗೂ ಒಪ್ಪದಿದ್ದರೆ ಆ ಪಾಲಿಸಿಯನ್ನು ಬಿಟ್ಟುಬಿಡಿ. ಬೇರೊಬ್ಬ ಏಜೆಂಟರು ಮಾಡಿಸಿಕೊಂಡು ಹೋದರೂ ಚಿಂತೆಯಿಲ್ಲ.

ಪ್ರಶ್ನೆ: ‘ಮೊದಲ ಕಂತಿನಲ್ಲಿ ನಿನ್ನ ಕಮಿಷನ್ ನಮಗೆ ಬಿಟ್ಟುಕೊಡು, ಬೇರೆಯವರು ಕೊಡುತ್ತಾರೆ’ ಎಂದು ಗ್ರಾಹಕರು ಕೇಳುತ್ತಾರೆ. ಕೊಡದಿದ್ದರೆ ವ್ಯಾಪಾರ ಕೈತಪ್ಪುತ್ತದೆ. ಕೊಡಬಹುದೇ?
(ಓದುಗರು, ಹೊಸದುರ್ಗ)

ಉತ್ತರ: ಕೊಡುವಂತಿಲ್ಲ. ವಿಮಾ ಕಾಯ್ದೆಯ 41ನೆಯ ಕಲಮು ಇದನ್ನು ನಿಷೇಧಿಸಿದೆ. ಕೊಡುವವರಷ್ಟೇ ಅಲ್ಲ, ಪಡೆಯುವವರೂ ತಪ್ಪಿತಸ್ಥರು. ದಂಡ 10 ಲಕ್ಷ ರೂಪಾಯಿಗಳವರೆಗೂ ಆಗಬಹುದು. ಈ ಕಲಮನ್ನು ಪ್ರಸ್ತಾವನಾ ಪತ್ರದಲ್ಲಿಯೇ ಅಚ್ಚು ಮಾಡಿರುತ್ತಾರೆ, ಅದನ್ನು ತೋರಿಸಿದರೆ ಮಾತು ಮುಗಿಯುತ್ತದೆ. ಕಮಿಷನ್ ವಾಪಸು ಸಿಗುವುದೆಂದು ಪಾಲಿಸಿ ಮಾಡಿಸಿದವರಿಗೆ ಎರಡನೆಯ ವರ್ಷ ಕಟ್ಟುವ ಕಾರಣವೇ ಇರುವುದಿಲ್ಲ. ಹಾಗೆ ಕೈತಪ್ಪುವ ವ್ಯಾಪಾರ ನಿಮಗೆ ನಷ್ಟವಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ವಿಷಯ: ಗ್ರಾಹಕರು ನಿಮ್ಮ ಕೈಗೆ ಕೊಟ್ಟ ಕಂತನ್ನು ಕಮಿಷನ್ ಮುರಿದುಕೊಳ್ಳದೆ, ರಜಾದಿನಗಳನ್ನು ಬಿಟ್ಟು, 24 ಗಂಟೆಗಳೊಳಗೆ ಕಂಪನಿಗೆ ಸೇರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಲಾರಿ ವಿಮೆಯಲ್ಲಿ ಇದು ಬಹಳ ಮುಖ್ಯ. ಹೆದ್ದಾರಿ 48ರಲ್ಲಿ ಹಗಲಿರುಳು ಓಡುವ ಲಾರಿಯ ಕಂತು ನಿಮ್ಮ ಜೇಬಿನಲ್ಲೇ ಉಳಿದ ದಿನ ಅಪಘಾತವಾದರೆ, ಕಂಪನಿಗೆ ಹಣ ತಲುಪಿಲ್ಲವಾದ್ದರಿಂದ ವಿಮೆಯೇ ಇಲ್ಲ ಎಂಬ ವಾದ ಏಳುತ್ತದೆ. ಈಗ ಗ್ರಾಹಕರ ಫೋನಿನಿಂದಲೇ ನೇರವಾಗಿ ಕಟ್ಟಿಸಬಹುದಾದ್ದರಿಂದ ನಗದನ್ನು ಮುಟ್ಟದಿರುವುದೇ ಮೇಲು.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಪಾಸಾದ ಗೃಹಿಣಿ, ಸ್ತ್ರೀಶಕ್ತಿ ಸಂಘದ ಸದಸ್ಯೆ. ‘ಬಿಮಾ ಸಖಿ’ ಆದರೆ ತಿಂಗಳಿಗೆ 7 ಸಾವಿರ ಸಂಬಳ ಕೊಡುತ್ತಾರೆ ಎಂದು ಕೇಳಿದೆ. ಸೇರಬಹುದೇ?
(ಓದುಗರು, ಚಳ್ಳಕೆರೆ)

ಉತ್ತರ: ಖಂಡಿತ ಸೇರಬಹುದು, ಆದರೆ ಅದು ಸಂಬಳವಲ್ಲ ಎಂದು ತಿಳಿದು ಸೇರಿ. ಭಾರತೀಯ ಜೀವ ವಿಮಾ ನಿಗಮದ ಈ ಯೋಜನೆ 2024ರ ಡಿಸೆಂಬರ್ 9ರಂದು ಆರಂಭವಾಯಿತು. 18ರಿಂದ 70 ವರ್ಷದೊಳಗಿನ, ಹತ್ತನೆಯ ತರಗತಿ ಪಾಸಾದ ಮಹಿಳೆಯರು ಅರ್ಹರು. ಮೊದಲ ವರ್ಷ ತಿಂಗಳಿಗೆ 7 ಸಾವಿರ, ಎರಡನೆಯ ವರ್ಷ 6 ಸಾವಿರ, ಮೂರನೆಯ ವರ್ಷ 5 ಸಾವಿರ ರೂಪಾಯಿ ಪ್ರೋತ್ಸಾಹಧನ ಸಿಗುತ್ತದೆ, ಕಮಿಷನ್ ಪ್ರತ್ಯೇಕ. ವರ್ಷಕ್ಕೆ 24 ಪಾಲಿಸಿಗಳಾಗಬೇಕೆಂಬ ಷರತ್ತಿದೆ. ಎರಡನೆಯ ವರ್ಷದ ಹಣ ಸಿಗಬೇಕಾದರೆ ಮೊದಲ ವರ್ಷದ ಪಾಲಿಸಿಗಳಲ್ಲಿ ಶೇ 65ರಷ್ಟಾದರೂ ಜಾರಿಯಲ್ಲಿರಬೇಕು. ನೀವು ನಿಗಮದ ನೌಕರರಾಗುವುದಿಲ್ಲ, ಏಜೆಂಟರಾಗುತ್ತೀರಿ.

ನಿಮ್ಮ ಸಂಘದ ಸದಸ್ಯತ್ವ ನಿಮಗೆ ದೊಡ್ಡ ಬಲ, ಏಕೆಂದರೆ ಯಾರ ಮನೆಯಲ್ಲಿ ಎಷ್ಟು ಉಳಿಯುತ್ತದೆ, ಯಾರು ವಾರದ ಕಂತಿಗೇ ಒದ್ದಾಡುತ್ತಾರೆ ಎಂಬುದು ನಿಮಗೆ ಗೊತ್ತು. ಅದೇ ಕಾರಣಕ್ಕೆ ನಿಮ್ಮ ಜವಾಬ್ದಾರಿಯೂ ಹೆಚ್ಚು. 24ರ ಲೆಕ್ಕ ತುಂಬಿಸಲು ಸಂಘದಿಂದ ಸಾಲ ತೆಗೆಸಿ ಪಾಲಿಸಿ ಮಾಡಿಸಬೇಡಿ. ಸಂಘದ ಸಾಲದ ಕಂತು, ಮೈಕ್ರೋಫೈನಾನ್ಸ್ ಕಂತು, ಅದರ ಮೇಲೆ ವಿಮೆಯ ಕಂತು ಎಂದಾದರೆ ಮೊದಲು ನಿಲ್ಲುವುದು ವಿಮೆಯದೇ. ತಿಂಗಳಿಗೆ ಎರಡು ಪಾಲಿಸಿಗಳಾದರೆ 24 ಆಗುತ್ತದೆ. ಶಾಲೆಯ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಎಣ್ಣೆ ಗಿರಣಿಗಳಲ್ಲಿ ತಿಂಗಳ ಸಂಬಳಕ್ಕಿರುವವರು ಹೀಗೆ ನಿಯಮಿತ ಆದಾಯ ಇರುವವರಿಂದ ಆರಂಭಿಸಿ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಬೇಡವೆನಿಸಿದರೆ ಹಿಂದಿರುಗಿಸಬಹುದು ಎಂಬುದನ್ನು ಪ್ರತಿಯೊಬ್ಬರಿಗೂ ತಿಳಿಸಿ. ಹಾಗೆ ತಿಳಿಸಿದ ಮೇಲೂ ಇಟ್ಟುಕೊಂಡವರು ಮುಂದೆಯೂ ಕಂತು ಕಟ್ಟುವ ಸಂಭವ ಹೆಚ್ಚು.

ಪ್ರಶ್ನೆ: ಕಮಿಷನ್‌ಗೆ ತೆರಿಗೆ ಹೇಗೆ? ಜಿ.ಎಸ್.ಟಿ. ನೋಂದಣಿ ಬೇಕೇ?
(ಓದುಗರು, ಚಿತ್ರದುರ್ಗ)

ಉತ್ತರ: 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವಂತೆ, ಒಂದು ಕಂಪನಿಯಿಂದ ವರ್ಷಕ್ಕೆ ಬರುವ ಕಮಿಷನ್ 20 ಸಾವಿರ ರೂಪಾಯಿ ದಾಟಿದರೆ ಶೇ 2ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು. ಮುಂದೆ ಬ್ಯಾಂಕ್ ಸಾಲ ಕೇಳುವಾಗ ಆ ರಿಟರ್ನ್‌ಗಳೇ ನಿಮ್ಮ ಆದಾಯಕ್ಕೆ ದಾಖಲೆ. ಏಜೆಂಟರ ಸೇವೆಯ ಮೇಲಿನ ಜಿ.ಎಸ್.ಟಿ.ಯನ್ನು ವಿಮಾ ಕಂಪನಿಯೇ ಕಟ್ಟಬೇಕಾದ್ದರಿಂದ ಏಜೆನ್ಸಿ ಒಂದಕ್ಕಾಗಿ ನೀವು ನೋಂದಣಿ ಮಾಡಿಸಬೇಕಾಗಿಲ್ಲ. ಗ್ರಾಹಕರು ಕಟ್ಟುವ ಕಂತಿನ ವಿಷಯ ಬೇರೆ: ವ್ಯಕ್ತಿಗತ ಜೀವ ವಿಮೆ ಮತ್ತು ಆರೋಗ್ಯ ವಿಮೆಗಳ ಮೇಲಿದ್ದ ಶೇ 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ವಾಹನ ವಿಮೆಗೆ ಆ ವಿನಾಯಿತಿ ಇಲ್ಲ. ತೆರಿಗೆಯ ಭಾರಕ್ಕೆ ಹೆದರಿ ಆರೋಗ್ಯ ವಿಮೆಯನ್ನು ಮುಂದೂಡಿದ್ದ ಗ್ರಾಹಕರು ನಿಮಗಿದ್ದರೆ ಅವರಿಗೆ ಹೊಸ ಕಂತಿನ ಲೆಕ್ಕವನ್ನು ಕೂಡಲೇ ತೋರಿಸಿ.